ನೀನು ಹಾಕಿದ ಆಣೆ

ಅಂಕೋಲಾ
೧೭ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ಅವ್ವಾ,

ಹೇಗಿದ್ದೀಯ? ಪುಣೆಯಲ್ಲಿ ಚಳಿ ಶುರುವಾಗಿರಬೇಕು. ಹಿಮ್ಮಡಿ ಮತ್ತೆ ಒಡೆದಿದೆಯೋ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ? ನೀನು ನೋಡಿಕೊಳ್ಳುವ ಆ ಮನೆಯ ಅಜ್ಜಿಯ ಕೆಮ್ಮನ್ನೂ ವಿಚಾರಿಸುತ್ತೇನೆ, ಅವರು ಗುಣವಾಗಿದ್ದರೆ ತಾನೇ ನಿನಗೆ ರಜೆ. ನಾನು ಚೆನ್ನಾಗಿದ್ದೇನೆ. ಕಾರವಾರದ ಪೆಟ್ರೋಲ್ ಬಂಕಿನ ಕೆಲಸ ಇನ್ನೂ ಬಿಟ್ಟಿಲ್ಲ. ಕಾಲೇಜು ಬಿಟ್ಟವಳು, ಬಟ್ಟೆ ಅಂಗಡಿ ಬಿಟ್ಟವಳು ಇಲ್ಲಿ ಹೇಗೆ ನಿಂತಳು ಅಂತ ಸತೀಶ ಮಾಮನಿಗೇ ಆಶ್ಚರ್ಯ. ಫೋನ್ ಇರುವಾಗ ಪತ್ರ ಯಾಕೆ ಅನ್ನುತ್ತೀಯ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಕಿರುಚುತ್ತೇನೆ, ಅಷ್ಟರಲ್ಲಿ ಆ ಮನೆಯವರು ಕರೆಯುತ್ತಾರೆ, ನೀನು ಹೋಗಿಬಿಡುತ್ತೀಯ. ಇದನ್ನು ಯಾರೂ ಕರೆಯದ ಹೊತ್ತು ನೋಡಿ ಓದು.

ನಮ್ಮ ಅಜ್ಜಿ ಆರಾಮ ಇದ್ದಾಳೆ ಅಂತ ಪ್ರತಿ ಸಲ ಹೇಳುತ್ತೇವಲ್ಲ, ಅದು ಸುಳ್ಳು. ಬೇಸಿಗೆಯಲ್ಲಿ ಅವಳು ಕಾರವಾರದ ಭಾನುವಾರದ ಸಂತೆಯಲ್ಲಿ ಸೊಪ್ಪು ಮಾರುತ್ತ ಕೂತಲ್ಲೇ ತಲೆ ತಿರುಗಿ ಬಿದ್ದಾಗ ನೀನು ಫೋನಿನಲ್ಲಿ 'ನನ್ನಾಣೆ, ಇನ್ನು ಬುಟ್ಟಿ ಮುಟ್ಟಬೇಡ' ಅಂದೆ. ಮಾಮ ಟೀವಿ ತಂದ, ಕೈಯಿರುವ ಕುರ್ಚಿ ತಂದ. ಅಜ್ಜಿ ಅದರ ತುದಿಯಲ್ಲಿ ನೆಂಟರ ಮನೆಗೆ ಬಂದವಳ ಹಾಗೆ ಕೂರುತ್ತಾಳೆ. ಗಂಜಿ ಅರ್ಧ ಬಿಡುತ್ತಾಳೆ. ಶನಿವಾರ ಸಂಜೆಯಾದರೆ ಹಿತ್ತಲಿಗೆ ಹೋಗಿ ಹರಿವೆ ಸೊಪ್ಪು ಕಿತ್ತು ಬಾಳೆನಾರಿನಲ್ಲಿ ಸಿವುಡು ಕಟ್ಟುತ್ತಾಳೆ, ಆಮೇಲೆ ಬಿಚ್ಚಿ ದನಕ್ಕೆ ಹಾಕುತ್ತಾಳೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ 'ವಯಸ್ಸಾಯ್ತಲ್ಲ' ಅಂದರು. ನಿನ್ನ ಪುಣೆಯ ಅಜ್ಜಿ ಇವಳಿಗಿಂತ ಎಷ್ಟೋ ದೊಡ್ಡವರು. ನೀನು ಕಳಿಸಿದ ಫೋಟೋದಲ್ಲಿ ಇವಳ ತಂಗಿಯ ಹಾಗೆ ಕಾಣುತ್ತಾರೆ. ಅವರ ಆಯುಷ್ಯದಲ್ಲಿ ನಿನ್ನ ಕೈಯ ಪಾಲೂ ಇದೆ ಅಂತ ನನಗೆ ಹೊಟ್ಟೆಕಿಚ್ಚು. ಕೆಟ್ಟ ಮಾತು ಅಂತ ಗೊತ್ತಿದ್ದೇ ಬರೆದೆ.

ಸೊಪ್ಪು ದನಕ್ಕೆ ಹೋಗುವುದನ್ನು ನೋಡಲಾಗದೆ ಕಳೆದ ತಿಂಗಳು ಒಂದು ಭಾನುವಾರ ಬಂಕಿಗೆ ರಜೆ ಹಾಕಿ ನಾನೇ ಬುಟ್ಟಿ ತೆಗೆದುಕೊಂಡು ಹೋದೆ. ಅಜ್ಜಿಯ ಜಾಗ ಹಾಗೇ ಇದೆ ಅವ್ವಾ. ಪಕ್ಕದಲ್ಲಿ ಕೂರುವ ಬೊಮ್ಮು ಅಜ್ಜಿ ಅಲ್ಲಿ ತನ್ನ ಗೋಣಿ ಹಾಸಿ ಬೇರೆ ಯಾರನ್ನೂ ಕೂರಲು ಬಿಟ್ಟಿಲ್ಲ. ಕಂಡ ಕೂಡಲೇ 'ಹೊನ್ನಮ್ಮ ಎಂತಕೆ ಬರುದಿಲ್ಲ? ಟೀವಿ ನೋಡಿ ಸೊಕ್ಕು ಬಂತಾ ಅವ್ಳಿಗೆ?' ಅಂದಳು. ಬಿಸಿಲು ಏರಿತು, ನಾನು ಬಾಟಲಿ ನೀರು ಪೂರ್ತಿ ಕುಡಿದೆ. ಸಾಲಿನಲ್ಲಿದ್ದ ಎಲ್ಲ ಹೆಂಗಸರೂ ನಗಲು ಶುರು ಮಾಡಿದರು. 'ಅಯ್ಯೋ ಮಗಾ, ಅಷ್ಟ್ ನೀರ್ ಕುಡುದ್ಯಾ? ಸಂಜೆ ಬಸ್ಸಿನ ತಂಕ ಎಲ್ ಹೋಗ್ತೆ? ಇಲ್ಲಿ ಬಾಯಿ ಒಣಗಿದ್ರೆ ಕವಳ ಹಾಕುದು, ನೀರ್ ಕುಡಿಯುದಲ್ಲ!' ಅಂತ ಬೊಮ್ಮು ಅಜ್ಜಿ ಎಲೆ ಅಡಿಕೆ ಕೊಟ್ಟಳು. ನನಗೆ ನಗು ಬರಲಿಲ್ಲ. ಮುಂಜಾನೆ ಬಸ್ಸು ಹತ್ತಿದಾಗಿನಿಂದ ಮನೆ ಮುಟ್ಟುವವರೆಗೆ ಅವರು ಯಾರೂ ನೀರು ಕುಡಿಯುವುದಿಲ್ಲ. ಕೂರುವ ಜಾಗದ ಹತ್ತಿರ ಹೆಂಗಸರಿಗೆ ಶೌಚಾಲಯವಿಲ್ಲ, ದೂರ ಹೋದರೆ ಬುಟ್ಟಿ ಕಾಯುವವರಿಲ್ಲ. ಅಜ್ಜಿ ಹರೆಯದಿಂದ ಹಾಗೇ ಕೂತವಳು. ಅವಳನ್ನು ಬೀಳಿಸಿದ್ದು ಬುಟ್ಟಿಯ ಭಾರ ಅಂದುಕೊಂಡು ನಾವು ಬುಟ್ಟಿಯನ್ನೇ ಕಸಿದುಕೊಂಡೆವು. ನೀರು ಜಾಸ್ತಿ ಕುಡಿ ಅಂತ ಡಾಕ್ಟರು ಹೇಳಿದಾಗ ಅವಳು ತಲೆಯಾಡಿಸಿದ್ದಳು. ಕುಡಿದು ಎಲ್ಲಿಗೆ ಹೋಗುತ್ತೀ ಅಂತ ನಾವ್ಯಾರೂ ಕೇಳಲಿಲ್ಲ.

ಆ ಸಾಲಿನ ಹಿಂದೆಯೇ ಹೀರಾಬಾಯಿ ಅಂತ ಒಬ್ಬರ ಟೈಲರ್ ಅಂಗಡಿ ಇದೆ, ಅದರ ಹಿಂದೆ ಮನೆ. ನಾಚಿಕೆ ಬಿಟ್ಟು ಹೋಗಿ ಕೇಳಿದೆ. ಅವರು ಹೊಲಿಗೆ ನಿಲ್ಲಿಸಿ, 'ಇಷ್ಟು ವರ್ಷ ಎದುರಿಗೇ ಕೂತಿದ್ದಾರೆ, ಒಬ್ಬರೂ ಬಾಯಿಬಿಟ್ಟು ಕೇಳಲಿಲ್ಲವಲ್ಲ ಬಾಯೆ' ಅಂದು ಹಿಂದಿನ ಬಾಗಿಲು ತೋರಿಸಿದರು. ಈಗ ನನ್ನ ವಾರದ ರಜೆ ಭಾನುವಾರಕ್ಕೆ ಬದಲಾಗಿದೆ. ನಾನು ಬುಟ್ಟಿ ಕಾಯುತ್ತೇನೆ, ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಬರುತ್ತಾರೆ. ಬೊಮ್ಮು ಅಜ್ಜಿ ನಿನ್ನೆ ಎಲ್ಲರ ಎದುರೂ ಗಟಗಟ ನೀರು ಕುಡಿದು, ಏನೋ ಗೆದ್ದವಳ ಹಾಗೆ ನನ್ನ ಕಡೆ ನೋಡಿದಳು.

ಇದನ್ನೆಲ್ಲ ಹೇಳಿದಾಗ ಅಜ್ಜಿ ಕುರ್ಚಿಯಿಂದ ಎದ್ದಳು. ಬುಟ್ಟಿ ನಾನು ಹೊರುತ್ತೇನೆ, ನೀನು ಬರೀ ಕೂತು ಮಾರು, ಬಾ ಅಂದೆ. ಬಾಗಿಲವರೆಗೆ ಬಂದು ನಿಂತುಬಿಟ್ಟಳು. 'ಮಗ್ಳು ಆಣೆ ಹಾಕಿದ್ದಾಳೆ. ನಾ ಮೀರಿ ಹೋದ್ರೆ, ಪರವೂರಲ್ಲಿ ಅವ್ಳಿಗೆ ಏನಾದ್ರೂ ಆದ್ರೆ?' ಅಂದಳು. ನಿನ್ನ ಪ್ರೀತಿ ಅವಳನ್ನು ಕಟ್ಟಿಹಾಕಿದೆ ಅವ್ವಾ. ಅವಳು ದಿನದಿಂದ ದಿನಕ್ಕೆ ಇಳಿಯುತ್ತಿದ್ದಾಳೆ. ಆ ಕಟ್ಟು ಬಿಚ್ಚುವುದು ನನ್ನ ಕೈಯಲ್ಲಿಲ್ಲ.

ಆ ಮನೆಯವರೆಲ್ಲರಿಗೂ ನನ್ನ ನಮಸ್ಕಾರ ತಿಳಿಸು. ಅಲ್ಲಿನ ಅಜ್ಜಿ ಇನ್ನೂ ಬಹಳ ಕಾಲ ಬಾಳಲಿ, ಮನಸ್ಸಿನಿಂದಲೇ ಹೇಳುತ್ತಿದ್ದೇನೆ. ನೀನೂ ನೀರು ಕುಡಿ.

ನಿನ್ನ ಮಾತು ಕೇಳದ ಮಗಳು,
ರೂಪಾಲಿ

ತಾ.ಕ.: ಆಣೆ ತೆಗೆದೆ ಅಂತ ನಿನ್ನಿಂದ ಫೋನಿನಲ್ಲಿ ಹೇಳಿಸುತ್ತೇನೆ ಅಂದೆ ಅಜ್ಜಿಗೆ. 'ಫೋನಲ್ಲೆಲ್ಲ ತೆಗುದ್ರೆ ಆಗುದಿಲ್ಲ. ಹಾಕ್ದವ್ಳೇ ಬಂದು ಎದ್ರು ನಿಂತು ತೆಗೀಬೇಕು' ಅಂದಳು. ಫೋನಿನಲ್ಲಿ ಹಾಕಿದ್ದು ಫೋನಿನಲ್ಲೇ ಯಾಕೆ ಹೋಗುವುದಿಲ್ಲ ಅಂತ ನಾನು ಜಗಳ ತೆಗೆಯಬಹುದಿತ್ತು, ನನ್ನ ಬಾಯಿ ನಿನಗೆ ಗೊತ್ತಲ್ಲ. ತೆಗೆಯಲಿಲ್ಲ. ನನಗೂ ಅದೇ ಬೇಕಿತ್ತು. ಬಾ ಅವ್ವಾ.