ಹರಾಜಿಗೆ ಬಂದ ಪುಂಡಿಪಲ್ಯ

ನವೆಂಬರ್ ೧೭, ರವಿವಾರ. ಮೈಲೂರ.

ಐದು ಕಟ್ಟು ಪುಂಡಿಪಲ್ಯಕ್ಕೆ ಇಂದು ನಾಲ್ಕು ಸಾವಿರದ ಆರುನೂರು ರೂಪಾಯಿ ಕೊಟ್ಟೆ. ಆ ಹುಳಿಸೊಪ್ಪು ನನ್ನದೇ ಹೊಲದ್ದು.

ಭಾಲ್ಕಿ ರಸ್ತೆಯ ಆ ಹೊಲದಲ್ಲಿ ಮೊದಲು ಹಳೆಯ ಬ್ಯಾಟರಿ ಒಡೆಯುತ್ತಿದ್ದರು. ಮಣ್ಣಿಗಿಳಿದ ಸೀಸವನ್ನು ಹೀರಲೆಂದೇ ಪುಂಡಿ ಬಿತ್ತಿದ್ದೆ; ಅದನ್ನು ತಿನ್ನುವಂತಿಲ್ಲ. ಮುಂದೆ ಹೊಲವನ್ನು ಪ್ಲಾಟು ಮಾಡಿ ಮಾರುವವನಿದ್ದೆ; ದರ ಬಿದ್ದೀತೆಂದು ಸೀಸದ ಮಾತನ್ನು ಮನೆಯಲ್ಲೂ ಎತ್ತಲಿಲ್ಲ. ಪುಂಡಿ ಆಳೆತ್ತರ ಬೆಳೆದಿದೆ ಎಂದು ಮಾತ್ರ ಊರೆಲ್ಲ ಕೊಚ್ಚಿಕೊಂಡೆ. ಹೆಂಡತಿ ಆನಂದಮ್ಮ ಆರು ಕಟ್ಟು ಕೊಯ್ದು ಚರ್ಚಿನ ಸುಗ್ಗಿ ಕಾಣಿಕೆಗೆ ಇಟ್ಟುಬಿಟ್ಟಳು. ಆರಾಧನೆ ಮುಗಿದ ಮೇಲೆ ಕಾಣಿಕೆಯ ಹರಾಜು.

ನಾನು ಕೂಗಿದಷ್ಟೂ ಔರಾದದ ರೂಬೆನ ಮಾಸ್ತರ ಏರಿಸಿದ. "ಏನ್ರಿ ಸಿಲಾಸಣ್ಣ, ಸ್ವರ್ಗದಾಗ ಪ್ಲಾಟ್ ಬುಕ್ ಮಾಡ್ಲಕತ್ತೀರೇನ್ರಿ?"

ಆರನೆಯ ಕಟ್ಟಿನ ಹೊತ್ತಿಗೆ ನನ್ನ ಕಿಸೆ ಬರಿದಾಯಿತು, ಸಾವಿರದ ನಾನೂರಕ್ಕೆ ಅವನು ಗೆದ್ದ. ಅವನ ಬಸುರಿ ಹೆಂಡತಿ ಶರೋನ ಕಟ್ಟನ್ನು ಮೂಸಿದಳು. "ಇದಕ್ಕೇ ಬಾಯಿ ಬಯಸಿತ್ತು ನೋಡ್ರಿ."

"ತಿನಬ್ಯಾಡವ್ವಾ, ಅದರಾಗ ವಿಷ ಅದ!" ಕೂಗಿಬಿಟ್ಟೆ. ಇಡೀ ಚರ್ಚು ನನ್ನತ್ತ ತಿರುಗಿತು. ರೂಬೆನ ಕಟ್ಟನ್ನು ನನ್ನ ಕಾಲ ಬಳಿ ಎಸೆದ.

ಚರ್ಚಿಗೆ ಆರು ಸಾವಿರ. ಆನಂದಮ್ಮನಿಗೆ ವರ್ಷಕ್ಕಾಗುವಷ್ಟು ಬೈಗುಳದ ದಾಸ್ತಾನು. ಶರೋನಳ ಹೊಟ್ಟೆಯ ಕೂಸಿಗೆ ಏನೂ ಆಗಲಿಲ್ಲ, ಅದೇ ದೊಡ್ಡ ಲಾಭ. ಹೊಲಕ್ಕೆ ಆರು ಕಟ್ಟಿನಷ್ಟು ಸೀಸ ಕಡಿಮೆ, ಗಿರಾಕಿ ಒಬ್ಬನೂ ಇಲ್ಲ. ನನಗೆ, ಎಲ್ಲಿ ಹಾಕಬೇಕೆಂದು ತಿಳಿಯದೆ ಬಚ್ಚಲಲ್ಲಿಟ್ಟ ಆರು ಕಟ್ಟು ಪಲ್ಯ.