ಇಟ್ಟಿಗಿ ಬೋರಿನ ಮೊದಲ ನೀರು

ಫೆಬ್ರುವರಿ ೧೨, ಹರಪನಹಳ್ಳಿ

ಇಟ್ಟಿಗಿಯಲ್ಲಿ ಜೋಗಮ್ಮತ್ತೆಯ ಹೊಲದ ಆಳದ ಬೋರಿನಿಂದ ಕ್ರಿಮಿರಹಿತ ಬಾಟಲಿಯಲ್ಲಿ ಹಿಡಿದ ಮೊದಲ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ. ಬಿಸಿಲು ಕಾಣದ ಬಂಡೆಯೊಳಗೆ ಜೀವವಿದ್ದರೆ ಮಂಗಳನ ಹೆಪ್ಪುಗಟ್ಟಿದ ನೆಲದಡಿಯೂ ಇರಬಹುದೆಂದು ನಾಳೆ ವಿಚಾರ ಸಂಕಿರಣದಲ್ಲಿ ಹೇಳಬೇಕಿತ್ತು.

ಸಂಜೆ ಅತ್ತೆಯೇ ಫೋನ್ ಮಾಡಿದಳು.

“ಕ್ರಾಂತಿ, ಬೋರಿಗೆ ಕಾಯಿ ಒಡದಾಗ ನಿನ್ನ ಬಾಟ್ಲಿಗೂ ನಾಕು ಹನಿ ಕಾಯಿನೀರು ಬಿಟ್ಟಿದ್ನೆವ್ವ. ಗಂಗವ್ವ ಮೊದಲ್ನೇ ಸಲ ಮ್ಯಾಲೆ ಬಂದಾಳ, ಬರಿಗೈಲಿ ಕಳಸಾಕ ಆಗತೈತೇನು?”

“ಅತ್ತೀ, ಮುಚ್ಚಳ ಯಾಕ ತಗದಿ?”

“ತಗೀಲಾರ್ದ ಹೆಂಗ ಬಿಡ್ಲಿ, ತಾಯಿ?”

ಈಗ ಬೆಳೆದಿರುವುದು ಪಾತಾಳದ ಜೀವವೋ, ಅತ್ತೆಯ ಬೆರಳಿನದೋ? ಬಾಯಿ ಮುಚ್ಚಿಕೊಂಡರೆ ನಾಳೆ ಚಪ್ಪಾಳೆ. ಬಿಟ್ಟರೆ ಮಂಗಳನ ಹೆಸರಲ್ಲಿ ನನಗೇ ಮಂಗಳಾರತಿ. ಪಿಎಚ್‌ಡಿ ಗೈಡಿಗೆ ಎಲ್ಲವನ್ನೂ ವಾಟ್ಸಾಪಿನಲ್ಲಿ ಬರೆದು ಕಳಿಸಿಬಿಟ್ಟೆ. ನೋಡಿದ್ದಾರೆ. ಟೈಪ್ ಮಾಡುತ್ತಿದ್ದಾರೆ, ನಿಲ್ಲಿಸುತ್ತಿದ್ದಾರೆ, ಮತ್ತೆ ಟೈಪ್ ಮಾಡುತ್ತಿದ್ದಾರೆ…