ಹೋಟೆಲಿನಿಂದ ಬಂದ ಡಬ್ಬಿ

ರಘುರಾಮರಿಗೆ,

"ಹೆಂಡ್ತಿ ಅಂದ್ರೆ ಮೈಕೈ ತುಂಬಿಕೊಂಡಿರ್ಬೇಕು ಮಾರಾಯ್ತಿ" ಎಂದು ನಾನು ಜಿಮ್ ಸೇರಿದ ದಿನ ಅಂದಿದ್ದಿರಿ, ತಮಾಷೆಯೆಂದುಕೊಂಡೆ. ನನ್ನ ಮೊದಲ ದೇಹದಾರ್ಢ್ಯ ಸ್ಪರ್ಧೆಗಾಗಿ ಎಣ್ಣೆ, ಬೆಣ್ಣೆ ಬಿಟ್ಟಿದ್ದೆ. ನಮ್ಮ ಹೋಟೆಲಿನಿಂದ ಬೇಯಿಸಿದ ಕೋಳಿಯ ಡಬ್ಬಿಯನ್ನು ದಿನವೂ ನೀವೇ ತರುತ್ತಿದ್ದಿರಿ. ರುಚಿಯಾಗಿದೆಯೆಂದು ಹೊಗಳಿಯೂ ಇದ್ದೆ. ಎಷ್ಟು ಬೆವರಿದರೂ ಸೊಂಟ ಇಳಿಯಲಿಲ್ಲ. ಕದ್ದು ತಿನ್ನುತ್ತೀಯೆಂದು ಕೋಚ್ ಬೈದರು.

ನಿನ್ನೆ ಅಡುಗೆಯ ಲತೇಶ್ ನಗುತ್ತಾ ಹೇಳಿದ: "ಬೆಣ್ಣೆಯಲ್ಲೇ ಬೇಯಿಸಿ, ಮೇಲಿನ ಜಿಡ್ಡು ಒರೆಸಿ ಕೊಡ್ಲಿಕ್ಕೆ ಧಣಿಗಳೇ ಹೇಳಿದ್ದು ಅಕ್ಕ. ನಿಮ್ಮ ಮೇಲೆ ಎಂಥ ಪ್ರೀತಿ!"

ನಾನೀಗ ಭೋಸರಿಯಲ್ಲಿ ತಂಗಿಯ ಮನೆಯಲ್ಲಿದ್ದೇನೆ, ನಾನೇ ಬೇಯಿಸಿಕೊಳ್ಳುತ್ತೇನೆ. ಕಪಾಟಿನಲ್ಲಿರುವ ಸ್ಪರ್ಧೆಯ ನೀಲಿ ಉಡುಪನ್ನು ಲತೇಶನ ಕೈಯಲ್ಲಿ ಕಳುಹಿಸಿ. ಅವನನ್ನು ಬೈಯಬೇಡಿ. ಭಾನುವಾರ ವೇದಿಕೆ ಹತ್ತುತ್ತೇನೆ. ಮೊದಲ ಸಾಲಿನ ಟಿಕೆಟ್ ಕೊಂಡಿದ್ದೀರಂತೆ. ಅಲ್ಲಿ ಕುಳಿತು ಏನನ್ನು ನೋಡಬೇಕೆಂದಿದ್ದಿರಿ?

ಇತಿ,
ಹರಿಣಾಕ್ಷಿ